ಹೆಲ್ಪ್‌ಡೆಸ್ಕ್ ಟಿಕೆಟ್‌ಗಳನ್ನು ಕೋಡ್ ಬರೆಯದೆ ಡೇಟಾಬೇಸ್‌ಗೆ ಜೋಡಿಸುವುದು ಹೇಗೆ: ಭೋಸರಿಯ ಐಟಿ ರೂಮಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಪ್ರತಿ ಸೋಮವಾರ ಬೆಳಿಗ್ಗೆ ನನ್ನದು ಒಂದೇ ಹಾಡು. ಫ್ರೆಶ್‌ಡೆಸ್ಕ್ (ಕಂಪ್ಲೇಂಟ್‌ಗಳನ್ನು ಟಿಕೆಟ್ ಆಗಿ ದಾಖಲಿಸುವ ನಮ್ಮ ಹೆಲ್ಪ್‌ಡೆಸ್ಕ್ ಸಾಫ್ಟ್‌ವೇರ್) ತೆರೆಯುವುದು, ಹಿಂದಿನ ವಾರದ ಟಿಕೆಟ್‌ಗಳನ್ನು ಎಕ್ಸ್‌ಪೋರ್ಟ್ ಮಾಡುವುದು, ಎಕ್ಸೆಲ್‌ನಲ್ಲಿ ಪಿವಟ್ ಹಾಕುವುದು, ಹನ್ನೊಂದರ ಮೀಟಿಂಗ್‌ಗೆ ಓಡುವುದು. ಅಲ್ಲಿ ಪ್ಲಾಂಟ್ ಹೆಡ್ ಒಂದೇ ಪ್ರಶ್ನೆ ಕೇಳುತ್ತಿದ್ದರು: ಯಾವ ಮಾಡೆಲ್ ಲ್ಯಾಪ್‌ಟಾಪ್‌ಗೆ ಕಂಪ್ಲೇಂಟ್ ಜಾಸ್ತಿ? ಅದಕ್ಕೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಟಿಕೆಟ್ ಒಂದು ಕಡೆ. ಯಾರ ಕೈಯಲ್ಲಿ ಯಾವ ಮಷಿನ್ ಇದೆ ಎಂಬ ಪಟ್ಟಿ ಇನ್ನೊಂದು ಕಡೆ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ. ಎರಡಕ್ಕೂ ಮಾತುಕತೆಯೇ ಇಲ್ಲ.

ನಾನಿರುವುದು ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ. ಮೂರು ಶಿಫ್ಟ್ ನಡೆಯುತ್ತದೆ. ಐಟಿ ಟೀಮ್ ಅಂದರೆ ಮೂರೇ ಜನ. ಅದರಲ್ಲಿ ಇಬ್ಬರು ಕನ್ನಡದವರು: ವಿಜಯಪುರದ ನಾನು, ಕಲಬುರಗಿಯ ಒಬ್ಬ ಹುಡುಗ. ನಮ್ಮಲ್ಲಿ ಯಾರೂ ಪ್ರೋಗ್ರಾಮರ್ ಅಲ್ಲ. ಆದರೂ ಟಿಕೆಟ್‌ಗಳನ್ನು ಡೇಟಾಬೇಸ್‌ಗೆ ಜೋಡಿಸಿದೆವು. ಜೋಡಿಸಿದ್ದು ಒಂದು ಮಧ್ಯಾಹ್ನದ ಕೆಲಸ. ಅದನ್ನು ನಂಬುವ ಹಾಗೆ ಮಾಡುವುದಕ್ಕೆ ಮಾತ್ರ ಎರಡು ತಿಂಗಳು ಹಿಡಿಯಿತು.

ಹಾಗಾಗಿ ಗುರಿಯನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಟಿಕೆಟ್ ಹತ್ತು ಸಲ ಬಂದರೂ ಲೆಕ್ಕ ಕೆಡಬಾರದು. ನಾಲ್ಕು ತಾಸು ಮಷಿನ್ ನಿಂತುಹೋದರೂ ಒಂದು ಟಿಕೆಟ್ ತಪ್ಪಬಾರದು. ಕೆಳಗಿನ ಎಲ್ಲ ಹೆಜ್ಜೆಗಳೂ ಇವೆರಡಕ್ಕಾಗಿಯೇ.

ಯಾವ ಟೂಲ್, ಯಾಕೆ

ಕೋಡ್ ಬರೆಯದೆ ಎರಡು ಸಾಫ್ಟ್‌ವೇರ್‌ಗಳನ್ನು ಜೋಡಿಸುವ ಟೂಲ್‌ಗಳು ಹಲವು ಇವೆ. ಜೇಪಿಯರ್, ಮೇಕ್, ಮೈಕ್ರೋಸಾಫ್ಟ್‌ನ ಪವರ್ ಆಟೋಮೇಟ್, ಎನ್‌8ಎನ್. ಎಲ್ಲದರ ರೀತಿ ಒಂದೇ: ಪರದೆಯ ಮೇಲೆ ಡಬ್ಬಿಗಳನ್ನು ಇಡುತ್ತೀರಿ, ಗೆರೆ ಎಳೆದು ಜೋಡಿಸುತ್ತೀರಿ, ಒಂದು ಡಬ್ಬಿಯಿಂದ ಬಂದ ಮಾಹಿತಿ ಮುಂದಿನದಕ್ಕೆ ಹೋಗುತ್ತದೆ. ಹೀಗೆ ಜೋಡಿಸಿದ ಡಬ್ಬಿಗಳ ಸಾಲಿಗೆ ವರ್ಕ್‌ಫ್ಲೋ ಎನ್ನುತ್ತಾರೆ.

ಆಯ್ಕೆ ಮಾಡುವಾಗ ನೋಡಬೇಕಾದದ್ದು ಒಂದೇ: ನಿಮ್ಮ ಡೇಟಾಬೇಸ್ ಎಲ್ಲಿದೆ? ಕ್ಲೌಡ್‌ನಲ್ಲಿದ್ದರೆ ಜೇಪಿಯರ್, ಮೇಕ್ ಯಾವುದಾದರೂ ನಡೆಯುತ್ತದೆ. ನಮ್ಮದು ಆಫೀಸಿನ ಸರ್ವರ್ ರೂಮಿನಲ್ಲಿ, ಫೈರ್‌ವಾಲ್‌ನ ಒಳಗೆ. ಹೊರಗಿನ ಕ್ಲೌಡ್ ಟೂಲ್ ಅದರೊಳಗೆ ಬರೆಯಬೇಕೆಂದರೆ ಪೋಸ್ಟ್‌ಗ್ರೆಸ್‌ನ 5432 ಪೋರ್ಟ್ ಎಂಬ ಬಾಗಿಲನ್ನು ಇಂಟರ್ನೆಟ್‌ಗೆ ತೆರೆಯಬೇಕಾಗುತ್ತದೆ. ಅದನ್ನು ಮಾತ್ರ ಮಾಡಬೇಡಿ. ಪವರ್ ಆಟೋಮೇಟ್‌ಗೆ ಇದಕ್ಕಾಗಿಯೇ ಒಂದು ಗೇಟ್‌ವೇ ಇದೆ, ಆದರೆ ಪೋಸ್ಟ್‌ಗ್ರೆಸ್ ಕನೆಕ್ಟರ್ ಅವರ ಪ್ರೀಮಿಯಂ ಪಟ್ಟಿಯಲ್ಲಿ ಬರುತ್ತದೆ. ಬಿಲ್ಲಿನ ಲೆಕ್ಕವೂ ಬೇರೆ ಬೇರೆ. ಜೇಪಿಯರ್ ಮಾಡಿದ ಕೆಲಸಕ್ಕೆ ಟಾಸ್ಕ್ ಎಣಿಸುತ್ತದೆ. ಮೇಕ್‌ನಲ್ಲಿ ಹೊಸದೇನೂ ಸಿಗದಿದ್ದರೂ ಸುಮ್ನೆ ನೋಡಿ ಬಂದದ್ದಕ್ಕೂ ಲೆಕ್ಕವಿದೆ. ಹತ್ತು ನಿಮಿಷಕ್ಕೊಮ್ಮೆ ನೋಡಿದರೆ ದಿನಕ್ಕೆ 144 ಸಲ ಆಗುತ್ತದೆ, ಅಲ್ವಾ?

ನಾವು ಎನ್‌8ಎನ್ ಆರಿಸಿಕೊಂಡೆವು. 2019ರಲ್ಲಿ ಬರ್ಲಿನ್‌ನಲ್ಲಿ ಶುರುವಾದದ್ದು. ನಿಮ್ಮದೇ ಮಷಿನ್‌ನಲ್ಲಿ ಹಾಕಿಕೊಂಡು ಕಂಪನಿಯ ಒಳಗಿನ ಕೆಲಸಕ್ಕೆ ಬಳಸಿದರೆ ದುಡ್ಡು ಕೊಡಬೇಕಿಲ್ಲ. ಹಾಗಂತ ಪೂರ್ತಿ ಓಪನ್ ಸೋರ್ಸ್ ಅಲ್ಲ, ಅದನ್ನೇ ಸೇವೆಯಾಗಿ ಬೇರೆಯವರಿಗೆ ಮಾರುವಂತಿಲ್ಲ. ನಮಗೆ ಮುಖ್ಯವಾದದ್ದು, ಅದು ಆಫೀಸಿನ ಒಳಗೇ ಕೂತು ಹೊರಗಿನ ಫ್ರೆಶ್‌ಡೆಸ್ಕ್ ಅನ್ನು ಕೇಳುತ್ತದೆ. ಹೊರಗಿನವರು ಒಳಗೆ ಬರಲು ಬಾಗಿಲೇ ಬೇಡ.

ಇಲ್ಲಿ ಉದಾಹರಣೆ ಫ್ರೆಶ್‌ಡೆಸ್ಕ್‌ನದು. ನಿಮ್ಮಲ್ಲಿ ಬೇರೆ ಹೆಲ್ಪ್‌ಡೆಸ್ಕ್ ಇದ್ದರೆ ವಿಳಾಸ, ಕಾಲಂ ಹೆಸರು ಬದಲಾಗುತ್ತವೆ, ದಾರಿ ಬದಲಾಗುವುದಿಲ್ಲ.

ಹೆಜ್ಜೆ 1: ಹೆಲ್ಪ್‌ಡೆಸ್ಕ್‌ನ ಕೀ

ಫ್ರೆಶ್‌ಡೆಸ್ಕ್‌ನಲ್ಲಿ ನಿಮ್ಮ ಫೋಟೋ ಒತ್ತಿ ಪ್ರೊಫೈಲ್ ಸೆಟ್ಟಿಂಗ್ಸ್‌ಗೆ ಹೋದರೆ ಎಪಿಐ ಕೀ (ಬೇರೆ ಸಾಫ್ಟ್‌ವೇರ್ ಒಳಗೆ ಬಂದು ಮಾಹಿತಿ ಕೇಳಲು ಬೇಕಾದ ಗುಟ್ಟಿನ ಸಂಕೇತ) ಸಿಗುತ್ತದೆ. ಈ ಕೀ ಒಬ್ಬ ಏಜೆಂಟ್‌ಗೆ, ಅಂದರೆ ಟಿಕೆಟ್ ನೋಡಿಕೊಳ್ಳುವವರ ಅಕೌಂಟ್‌ಗೆ, ಅಂಟಿಕೊಂಡಿರುತ್ತದೆ. ಆ ಏಜೆಂಟ್‌ಗೆ ಏನೇನು ಕಾಣುತ್ತದೋ ಅಷ್ಟೇ ಈ ಕೀಗೂ ಕಾಣುತ್ತದೆ. ಅವನು ಕೆಲಸ ಬಿಟ್ಟು ಅಕೌಂಟ್ ಮುಚ್ಚಿದರೆ ಕೀ ಕೂಡ ಸತ್ತಂತೆ. ಇನ್ನೊಂದು ಏಜೆಂಟ್ ಅಕೌಂಟ್‌ನ ಖರ್ಚು ಕಂಪನಿ ತಡೆದುಕೊಳ್ಳುವುದಾದರೆ ಇದಕ್ಕೆಂದೇ ಬೇರೆ ಏಜೆಂಟ್ ಮಾಡಿ. ಇಲ್ಲದಿದ್ದರೆ, ಬೇಗ ಕೆಲಸ ಬಿಡುವ ಯೋಚನೆ ಇಲ್ಲದವರ ಕೀ ತೆಗೆದುಕೊಳ್ಳಿ.

ಎನ್‌8ಎನ್‌ನಲ್ಲಿ ಕ್ರೆಡೆನ್ಷಿಯಲ್ (ಲಾಗಿನ್ ವಿವರ) ಮಾಡುವಾಗ ಬೇಸಿಕ್ ಆಥ್ ಆರಿಸಿ, ಯೂಸರ್‌ನೇಮ್ ಜಾಗದಲ್ಲಿ ಕೀ ಹಾಕಿ. ಪಾಸ್‌ವರ್ಡ್ ಜಾಗದಲ್ಲಿ ಯಾವ ಅಕ್ಷರ ಹಾಕಿದರೂ ನಡೆಯುತ್ತದೆ, ಸಾಮಾನ್ಯವಾಗಿ ಇಂಗ್ಲಿಷಿನ ಎಕ್ಸ್ ಹಾಕುತ್ತಾರೆ. ಮೊದಲ ಸಲ ನಾನು ಅಲ್ಲಿ ನನ್ನ ಲಾಗಿನ್ ಪಾಸ್‌ವರ್ಡ್ ಹಾಕಿ ಸುಮ್ಮನೆ ಕೂತಿದ್ದೆ. ಅದೂ ನಡೆಯಿತು! ಅದರ ಅಗತ್ಯವೇ ಇಲ್ಲ ಎಂದು ಆಮೇಲೆ ತಿಳಿಯಿತು.

ಹೆಜ್ಜೆ 2: ಟೇಬಲ್ ಕಟ್ಟುವುದು

ಈ ಹೆಜ್ಜೆಯಲ್ಲಿ ಅವಸರ ಮಾಡಬೇಡಿ. ಇಲ್ಲಿ ಆದ ತಪ್ಪು ಮೂರು ತಿಂಗಳ ನಂತರ ಎದ್ದು ಕೂರುತ್ತದೆ.

ಟಿಕೆಟ್ ಟೇಬಲ್‌ಗೆ ಬೇಕಾದ ಕಾಲಂಗಳು: ಟಿಕೆಟ್ ಐಡಿ, ವಿಷಯ, ಸ್ಟೇಟಸ್, ಪ್ರಯಾರಿಟಿ, ಕೇಳಿದವರ ಐಡಿ ಮತ್ತು ಇಮೇಲ್, ನೋಡಿಕೊಳ್ಳುತ್ತಿರುವ ಏಜೆಂಟ್‌ನ ಐಡಿ, ಗ್ರೂಪ್ ಐಡಿ, ಶುರುವಾದ ಸಮಯ, ಕೊನೆಗೆ ಬದಲಾದ ಸಮಯ, ಬಗೆಹರಿದ ಸಮಯ, ಮುಚ್ಚಿದ ಸಮಯ. ಇದರ ಜೊತೆ ನಮ್ಮದೇ ಒಂದು ಕಾಲಂ, 'ನೋಟ್ ಹಾಕಿದೆಯೇ' ಅಂತ. ಶುರುವಿನಲ್ಲಿ ಅದರೊಳಗೆ 'ಇಲ್ಲ' (ಫಾಲ್ಸ್) ಎಂದಿರಲಿ. ಅದರ ಕೆಲಸ ಹೆಜ್ಜೆ 6ರಲ್ಲಿ ಬರುತ್ತದೆ. ಡೇಟಾಬೇಸ್ ಒಳಗೆ ಕಾಲಂ ಹೆಸರುಗಳನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲೇ ಇಡಿ. ದೊಡ್ಡಕ್ಷರ ಬೆರೆಸಿದರೆ ಪೋಸ್ಟ್‌ಗ್ರೆಸ್ ಪ್ರತಿ ಕ್ವೆರಿಯಲ್ಲೂ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯಲ್ಲೂ) ಉದ್ಧರಣ ಚಿಹ್ನೆ ಕೇಳುತ್ತದೆ.

ಟಿಕೆಟ್ ಐಡಿಯನ್ನು ಪ್ರೈಮರಿ ಕೀ ಮಾಡಿ, ಅಂದರೆ ಒಂದೇ ಐಡಿಗೆ ಎರಡು ಸಾಲು ಇರುವಂತಿಲ್ಲ. ಇದಿಲ್ಲದೆ ಮುಂದಿನ ಯಾವುದೂ ನಡೆಯುವುದಿಲ್ಲ.

ಐಡಿ ಕಾಲಂಗಳೆಲ್ಲ ಬಿಗ್‌ಇಂಟ್ (ದೊಡ್ಡ ಸಂಖ್ಯೆ ಹಿಡಿಸುವ ಬಗೆ) ಇರಲಿ. ಟಿಕೆಟ್ ಸಂಖ್ಯೆ ಚಿಕ್ಕದೇ, ಆದರೆ ಕೇಳಿದವರ ಐಡಿ, ಏಜೆಂಟ್ ಐಡಿ ಹನ್ನೊಂದು ಹನ್ನೆರಡು ಅಂಕಿ ಇರಬಹುದು. ಮಾಮೂಲಿ ಇಂಟಿಜರ್‌ನಲ್ಲಿ ಹಿಡಿಸುವುದು 2,14,74,83,647ರವರೆಗೆ ಮಾತ್ರ. ಅದರಾಚೆ ಹೋದರೆ ಔಟ್ ಆಫ್ ರೇಂಜ್ ಎಂಬ ಎರರ್ ಬರುತ್ತದೆ.

ಸ್ಟೇಟಸ್ ಸಂಖ್ಯೆಯಾಗಿಯೇ ಬರುತ್ತದೆ: 2 ಅಂದರೆ ಓಪನ್, 3 ಪೆಂಡಿಂಗ್, 4 ರಿಸಾಲ್ವ್ಡ್, 5 ಕ್ಲೋಸ್ಡ್. ಪ್ರಯಾರಿಟಿ 1ರಿಂದ 4, ಲೋ ಇಂದ ಅರ್ಜೆಂಟ್‌ವರೆಗೆ. ಇದನ್ನು ಹೆಸರಿಗೆ ಬದಲಾಯಿಸಲು ವರ್ಕ್‌ಫ್ಲೋದಲ್ಲಿ ನಾಲ್ಕು ಇಫ್ ಡಬ್ಬಿ ಇಡುವ ಆಸೆಯಾಗುತ್ತದೆ. ಬೇಡ. ಸಂಖ್ಯೆಯನ್ನೇ ಬರೆದಿಟ್ಟು, ಸಂಖ್ಯೆ-ಹೆಸರು ಎಂಬ ಇನ್ನೊಂದು ಪುಟ್ಟ ಟೇಬಲ್ ಮಾಡಿಕೊಳ್ಳಿ. ನಾಳೆ ಯಾರಾದರೂ 'ವೆಂಡರ್ ಹತ್ತಿರ ಇದೆ' ಎಂಬ ಹೊಸ ಸ್ಟೇಟಸ್ ಸೇರಿಸಿದರೆ ಆ ಟೇಬಲ್‌ಗೆ ಒಂದು ಸಾಲು ಸೇರಿಸಿದರೆ ಸಾಕು.

ಟಿಕೆಟ್‌ನ ಒಳಗಿನ ಪೂರ್ತಿ ಬರಹವನ್ನು ಡೇಟಾಬೇಸ್‌ಗೆ ತರಬೇಡಿ ಎನ್ನುವುದು ನನ್ನ ಖಡಕ್ ಸಲಹೆ. ನಮ್ಮಲ್ಲಿ ಲಾಗಿನ್ ಆಗದವರು ಟಿಕೆಟ್ ಬರೆಯುವ ರೀತಿಯೇ ಹೀಗೆ: "ಮಾಝಾ ಪಾಸ್‌ವರ್ಡ್ ಹಾ ಆಹೇ, ಲಾಗಿನ್ ಹೋತ್ ನಾಹೀ" (ನನ್ನ ಪಾಸ್‌ವರ್ಡ್ ಇದು, ಲಾಗಿನ್ ಆಗುತ್ತಿಲ್ಲ). ಪಾಸ್‌ವರ್ಡ್ ಅನ್ನೇ ಬರೆದಿರುತ್ತಾರೆ! ಅದು ರಿಪೋರ್ಟ್ ನೋಡುವ ಹತ್ತು ಜನರ ಕಣ್ಣಿಗೆ ಯಾಕೆ ಬೀಳಬೇಕು? 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಬಂದ ಮೇಲಂತೂ ಬೇಡದ ಮಾಹಿತಿ ಕೂಡಿಡುವುದು ತಲೆನೋವೇ.

ಪೋಸ್ಟ್‌ಗ್ರೆಸ್ ಬದಲು ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸುವವರಿಗೆ ಒಂದು ಮಾತು. ಹಳೆಯ ಟೇಬಲ್‌ಗಳ ಎನ್‌ಕೋಡಿಂಗ್ (ಅಕ್ಷರಗಳನ್ನು ಕೂಡಿಡುವ ರೀತಿ) ಯುಟಿಎಫ್8 ಎಂದಷ್ಟೇ ಇದ್ದರೆ ಅಲ್ಲಿ ಒಂದು ಅಕ್ಷರಕ್ಕೆ ಮೂರು ಬೈಟ್ ಮಾತ್ರ ಜಾಗ. ಮರಾಠಿ, ಕನ್ನಡ ಅಕ್ಷರಗಳಿಗೆ ಅದು ಸಾಕು. ಆದರೆ ನಮ್ಮ ಸ್ಟೋರ್ಸ್ ವಿಭಾಗದವರು ಪ್ರತಿ ವಿಷಯದ ಕೊನೆಗೂ ಕೈಮುಗಿಯುವ ಇಮೋಜಿ ಹಾಕುತ್ತಾರೆ. ಇಮೋಜಿಗೆ ನಾಲ್ಕು ಬೈಟ್ ಬೇಕು. ಮುಗಿದ ಕೈ ಬಂದ ತಕ್ಷಣ ಎರರ್ ಬಂದು ವರ್ಕ್‌ಫ್ಲೋ ನಿಲ್ಲುತ್ತದೆ. ಟೇಬಲ್ ಅನ್ನು ಯುಟಿಎಫ್8ಎಂಬಿ4ಗೆ ಬದಲಾಯಿಸಿ. ಯುಟಿಎಫ್8 ಎನ್‌ಕೋಡಿಂಗ್ ಇರುವ ಪೋಸ್ಟ್‌ಗ್ರೆಸ್‌ನಲ್ಲಿ ಈ ಗೋಳಿಲ್ಲ.

ಕೊನೆಗೆ, ಎನ್‌8ಎನ್‌ಗೆಂದೇ ಬೇರೆ ಡೇಟಾಬೇಸ್ ಯೂಸರ್ ಮಾಡಿ. ಅದಕ್ಕೆ ಓದುವ, ಸೇರಿಸುವ, ತಿದ್ದುವ ಅನುಮತಿ ಕೊಡಿ. ಅಳಿಸುವ ಅನುಮತಿ ಕೊಡಬೇಡಿ.

ಹೆಜ್ಜೆ 3: ಎನ್‌8ಎನ್ ಹಾಕುವುದು

ಡಾಕರ್‌ನಲ್ಲಿ (ಸಾಫ್ಟ್‌ವೇರ್ ಅನ್ನು ಕಂಟೇನರ್ ಎಂಬ ಬೇರೆಯದೇ ಪೆಟ್ಟಿಗೆಯೊಳಗೆ ಓಡಿಸುವ ಟೂಲ್) ಹಾಕುವುದೇ ಸುಲಭ. ಎದ್ದ ಮೇಲೆ ಅದೇ ಮಷಿನ್‌ನ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್‌ನ 5678 ಪೋರ್ಟ್‌ಗೆ ಹೋದರೆ ತೆರೆಯುತ್ತದೆ. ಅದರ ಫೋಲ್ಡರ್ ಅನ್ನು ವಾಲ್ಯೂಮ್ ಮಾಡಿ ಹೊರಗಿಡಿ, ಇಲ್ಲದಿದ್ದರೆ ಕಂಟೇನರ್ ಬದಲಾಯಿಸಿದ ದಿನ ಎಲ್ಲ ವರ್ಕ್‌ಫ್ಲೋಗಳೂ ಹೋಗುತ್ತವೆ. ರೀಸ್ಟಾರ್ಟ್ ಪಾಲಿಸಿ ಹಾಕಿಡಿ, ಆಗ ಕರೆಂಟು ಬಂದ ಮೇಲೆ ತಾನೇ ಏಳುತ್ತದೆ. ಎನ್‌ಕ್ರಿಪ್ಷನ್ ಕೀಯ ಒಂದು ಪ್ರತಿಯನ್ನು ಬೇರೆ ಜಾಗದಲ್ಲಿ ಇಡಿ. ಅದು ಕಳೆದರೆ ಬ್ಯಾಕಪ್ ಇದ್ದರೂ ಸೇವ್ ಮಾಡಿದ ಪಾಸ್‌ವರ್ಡ್‌ಗಳು ತೆರೆಯುವುದಿಲ್ಲ.

ಟೈಮ್‌ಝೋನ್ ಸೆಟ್ಟಿಂಗ್ ಮರೆಯಬೇಡಿ. ನೀವೇನೂ ಹೇಳದಿದ್ದರೆ ಅದು ನ್ಯೂಯಾರ್ಕ್ ಸಮಯವನ್ನು ಹಿಡಿದುಕೊಳ್ಳುತ್ತದೆ. ಏಷ್ಯಾ/ಕೋಲ್ಕತ್ತಾ (Asia/Kolkata) ಎಂದು ಬದಲಾಯಿಸಿ.

ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲು ಇದೆ. ಪೋಸ್ಟ್‌ಗ್ರೆಸ್ ಅದೇ ಮಷಿನ್‌ನಲ್ಲಿ ಇದ್ದರೆ ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದು ಬರೆಯುತ್ತೇವೆ, ಕನೆಕ್ಷನ್ ರೆಫ್ಯೂಸ್ಡ್ ಎಂದು ಬರುತ್ತದೆ. ಡಾಕರ್ ಒಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರ್ ಮಾತ್ರ, ನಿಮ್ಮ ಮಷಿನ್ ಅಲ್ಲ. ಎರಡನ್ನೂ ಒಂದೇ ಕಂಪೋಸ್ ಫೈಲ್‌ನಲ್ಲಿ (ಯಾವ ಯಾವ ಕಂಟೇನರ್ ಎಬ್ಬಿಸಬೇಕು ಎಂಬ ಪಟ್ಟಿ) ಎಬ್ಬಿಸಿದ್ದರೆ ಸರ್ವಿಸ್‌ನ ಹೆಸರನ್ನು ಬರೆಯಿರಿ. ಬೇರೆ ಬೇರೆ ಇದ್ದರೆ ಮಷಿನ್‌ನ ಐಪಿ ಹಾಕಿ. ಕಲಬುರಗಿ ಹುಡುಗ ಇದಕ್ಕಾಗಿ ಒಂದು ಪೂರ್ತಿ ದಿನ ಫೈರ್‌ವಾಲ್ ಜೊತೆ ಕುಸ್ತಿ ಆಡಿ, ಸಂಜೆ "ಅಣ್ಣಾ, ಫೈರ್‌ವಾಲ್‌ದು ತಪ್ಪೇ ಇಲ್ಲ" ಎಂದು ನಕ್ಕ.

ಹೆಜ್ಜೆ 4: ಮುಖ್ಯ ವರ್ಕ್‌ಫ್ಲೋ

ಟಿಕೆಟ್ ತರಲು ಎರಡು ದಾರಿ. ಒಂದು, ಟಿಕೆಟ್ ಬದಲಾದಾಗ ಹೆಲ್ಪ್‌ಡೆಸ್ಕ್ ತಾನೇ ಕೂಗಿ ಹೇಳುವುದು. ಇದನ್ನು ವೆಬ್‌ಹುಕ್ ಎನ್ನುತ್ತಾರೆ. ಇನ್ನೊಂದು, ನಾವೇ ಆಗಾಗ ಹೋಗಿ ಹೊಸದೇನಿದೆ ಎಂದು ಕೇಳುವುದು. ವೆಬ್‌ಹುಕ್ ಚುರುಕು. ಆದರೆ ಅದಕ್ಕೆ ಹೊರಗಿನಿಂದ ತಲುಪುವ ವಿಳಾಸ ಬೇಕು. ಕೂಗಿದಾಗ ನೀವು ಮನೆಯಲ್ಲಿ ಇಲ್ಲದಿದ್ದರೆ ಆ ಕೂಗು ಹೋದಂತೆ. ವಾರದ ರಿಪೋರ್ಟ್‌ಗೆ ಸೆಕೆಂಡಿನ ಚುರುಕು ಯಾಕೆ? ನಾವೇ ಹೋಗಿ ಕೇಳುವ ದಾರಿ ಹಿಡಿಯಿರಿ.

ಐದು ಡಬ್ಬಿ ಸಾಕು. ಮೊದಲನೆಯದು ಷೆಡ್ಯೂಲ್ ಟ್ರಿಗರ್, ಹತ್ತು ನಿಮಿಷಕ್ಕೊಮ್ಮೆ.

ಎರಡನೆಯದು ಪೋಸ್ಟ್‌ಗ್ರೆಸ್ ಡಬ್ಬಿ, ಎಕ್ಸಿಕ್ಯೂಟ್ ಕ್ವೆರಿ. ಇಲ್ಲಿ ಕೇಳುವುದು: ನಮ್ಮ ಟೇಬಲ್‌ನಲ್ಲಿರುವ 'ಕೊನೆಗೆ ಬದಲಾದ ಸಮಯ'ಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದು? ಅದರಿಂದ ಹತ್ತು ನಿಮಿಷ ಕಳೆದು ಕೊಡು. ಟೇಬಲ್ ಖಾಲಿ ಇದ್ದರೆ ನಾನು ಹೇಳಿದ ಆರಂಭದ ದಿನಾಂಕ ಕೊಡು. ಮ್ಯಾಕ್ಸ್ ಮತ್ತು ಕೋಅಲೆಸ್ ಎಂಬ ಎರಡು ಫಂಕ್ಷನ್‌ಗಳ ಒಂದೇ ಸಾಲಿನ ಕ್ವೆರಿ. ನೋ-ಕೋಡ್ ಅಂದರೆ ಕೋಡ್ ಇಲ್ಲವೇ ಇಲ್ಲ ಅಂತಲ್ಲ, ಇಷ್ಟು ಮಾತ್ರ ಇದೆ ಅಂತ. ಸಮಯವನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ), ಸೆಕೆಂಡಿನ ಭಿನ್ನಾಂಕ ಬಿಟ್ಟು, ಕೊನೆಗೆ ಜೆಡ್ ಅಕ್ಷರ ಬರುವ ಹಾಗೆ ಕೊಡಲು ಹೇಳಿ.

ಈ ಡಬ್ಬಿ ಯಾಕೆ ಬೇಕು ಎಂದು ನಾನು ಪೆಟ್ಟು ತಿಂದು ಕಲಿತೆ. ಮೊದಲು ನನ್ನ ವರ್ಕ್‌ಫ್ಲೋ 'ಈಗಿನಿಂದ ಹಿಂದಿನ ಹದಿನೈದು ನಿಮಿಷದ ಟಿಕೆಟ್ ಕೊಡು' ಎಂದು ಕೇಳುತ್ತಿತ್ತು. ಎರಡು ವಾರ ಚೆನ್ನಾಗಿ ನಡೆಯಿತು. ಪುಣೆ ಕಡೆ ಗುರುವಾರ ಬಂತೆಂದರೆ ರಿಪೇರಿ ಕೆಲಸಕ್ಕೆಂದು ಕರೆಂಟು, ನೀರು ನಿಲ್ಲುವುದುಂಟು. ಪ್ಲಾಂಟ್‌ಗೆ ಜನರೇಟರ್ ಇದೆ. ನನ್ನ ಟೇಬಲ್ ಕೆಳಗಿದ್ದ ಎನ್‌8ಎನ್ ಮಷಿನ್ ಮಾತ್ರ ಜನರೇಟರ್ ಇಲ್ಲದ ಲೈನಿನಲ್ಲಿತ್ತು. ನಾಲ್ಕು ತಾಸು ಬಂದ್. ಕರೆಂಟು ಬಂತು, ಮಷಿನ್ ಎದ್ದಿತು, ಪಾಪ ಅದು ಹಿಂದಿನ ಹದಿನೈದು ನಿಮಿಷವನ್ನಷ್ಟೇ ಕೇಳಿತು. ನಡುವಿನ ಟಿಕೆಟ್‌ಗಳು ಡೇಟಾಬೇಸ್‌ಗೆ ಬರಲೇ ಇಲ್ಲ. ಎರರ್ ಕೂಡ ಇಲ್ಲ, ಎಲ್ಲ ಹಸಿರು. ಸೋಮವಾರ ಮೀಟಿಂಗ್‌ನಲ್ಲಿ ಡಿಸ್‌ಪ್ಯಾಚ್‌ನವರು "ಗುರುವಾರ ನಾವೇ ಆರು ಟಿಕೆಟ್ ಹಾಕಿದ್ದೆವು, ನಿಮ್ಮ ಲೆಕ್ಕದಲ್ಲಿ ಒಂದೂ ಇಲ್ಲ" ಎಂದಾಗಲೇ ಗೊತ್ತಾದದ್ದು. ಗಡಿಯಾರವನ್ನು ಕೇಳಬೇಡಿ, ಡೇಟಾಬೇಸ್ ಅನ್ನು ಕೇಳಿ. ಎಲ್ಲಿಯವರೆಗೆ ಬಂದಿದೆ ಎನ್ನುವುದು ಅದಕ್ಕೇ ಗೊತ್ತು.

ಮೂರನೆಯದು ಎಚ್‌ಟಿಟಿಪಿ ರಿಕ್ವೆಸ್ಟ್ ಡಬ್ಬಿ, ವೆಬ್ ವಿಳಾಸಕ್ಕೆ ಹೋಗಿ ಮಾಹಿತಿ ಕೇಳುವಂಥದು. ಎನ್‌8ಎನ್‌ನಲ್ಲಿ ಫ್ರೆಶ್‌ಡೆಸ್ಕ್‌ನದೇ ಡಬ್ಬಿ ಕೂಡ ಇದೆ, ಆದರೆ ಇದು ನನ್ನ ಕೈಗೆ ಕೂತಿದೆ, ನಾಳೆ ಹೆಲ್ಪ್‌ಡೆಸ್ಕ್ ಬದಲಾದರೂ ಉಳಿಯುತ್ತದೆ. ಗೆಟ್ ವಿಧಾನ, ಟಿಕೆಟ್‌ಗಳ ಪಟ್ಟಿ ಕೊಡುವ ವರ್ಷನ್ 2 ವಿಳಾಸ. ಅದರ ಜೊತೆ ಕಳಿಸಬೇಕಾದದ್ದು:

– ಅಪ್‌ಡೇಟೆಡ್ ಸಿನ್ಸ್: ಎರಡನೆಯ ಡಬ್ಬಿ ಕೊಟ್ಟ ಸಮಯ. ಇದನ್ನು ಕೊಡದಿದ್ದರೆ ಕಳೆದ 30 ದಿನಗಳಲ್ಲಿ ಹುಟ್ಟಿದ ಟಿಕೆಟ್‌ಗಳು ಮಾತ್ರ ಬರುತ್ತವೆ.
– ಪರ್ ಪೇಜ್: 100. ಅದೇ ಗರಿಷ್ಠ.
– ಆರ್ಡರ್ ಬೈ: ಬದಲಾದ ಸಮಯ. ಆರ್ಡರ್ ಟೈಪ್: ಏರಿಕೆ, ಅಂದರೆ ಹಳೆಯದು ಮೊದಲು.
– ಇನ್‌ಕ್ಲೂಡ್: ಸ್ಟ್ಯಾಟ್ಸ್ ಮತ್ತು ರಿಕ್ವೆಸ್ಟರ್. ಸ್ಟ್ಯಾಟ್ಸ್ ಕೇಳದಿದ್ದರೆ ಬಗೆಹರಿದ ಸಮಯ ಬರುವುದಿಲ್ಲ, ರಿಕ್ವೆಸ್ಟರ್ ಕೇಳದಿದ್ದರೆ ಇಮೇಲ್ ಬರುವುದಿಲ್ಲ. ಎರಡಕ್ಕೂ ಎಪಿಐ ಲೆಕ್ಕದಲ್ಲಿ ಹೆಚ್ಚುವರಿ ಕ್ರೆಡಿಟ್ ಖರ್ಚಾಗುತ್ತದೆ.

ಹಳೆಯದು ಮೊದಲು ಎಂಬುದನ್ನು ಯಾರೂ ಗಮನಿಸುವುದಿಲ್ಲ. ಹೇಳದಿದ್ದರೆ ಫ್ರೆಶ್‌ಡೆಸ್ಕ್ ಹೊಸದನ್ನು ಮೊದಲು ಕೊಡುತ್ತದೆ. ಟಿಕೆಟ್ ತುಂಬಾ ಇದ್ದು, ಮುಂದೆ ಹೇಳುವ 20 ಪುಟದ ಮಿತಿಗೆ ಬಂದು ನಿಂತಿತು ಎಂದುಕೊಳ್ಳಿ. ಹೊಸ ಟಿಕೆಟ್‌ಗಳು ಟೇಬಲ್‌ಗೆ ಬಂದಿರುತ್ತವೆ, ಹಳೆಯವು ಬಂದಿರುವುದಿಲ್ಲ. ಮುಂದಿನ ಸಲ ನಮ್ಮ ಕ್ವೆರಿ ಟೇಬಲ್‌ನಲ್ಲಿರುವ ಎಲ್ಲಕ್ಕಿಂತ ಈಚಿನ ಸಮಯ ನೋಡಿ ಅಲ್ಲಿಂದ ಮುಂದಕ್ಕೆ ಕೇಳುತ್ತದೆ. ನಡುವೆ ತೂತು ಉಳಿಯುತ್ತದೆ. ಹಳೆಯದು ಮೊದಲು ಬಂದರೆ ನಿಂತಲ್ಲಿಂದಲೇ ಮತ್ತೆ ಶುರುವಾಗುತ್ತದೆ.

ಪೇಜಿನೇಶನ್ ಆಯ್ಕೆಯನ್ನು ಇದೇ ಡಬ್ಬಿಯಲ್ಲಿ ಆನ್ ಮಾಡಿ. ಪ್ರತಿ ಸಲ ಪೇಜ್ ಸಂಖ್ಯೆ ಒಂದು ಏರಬೇಕು, ಖಾಲಿ ಉತ್ತರ ಬಂದಾಗ ನಿಲ್ಲಬೇಕು. ಎನ್‌8ಎನ್‌ನ ಪೇಜ್ ಎಣಿಕೆ ಸೊನ್ನೆಯಿಂದ ಶುರು, ಆದ್ದರಿಂದ ಅದಕ್ಕೆ ಒಂದು ಕೂಡಿಸಿ. ಒಂದು ಸಲಕ್ಕೆ 20 ಪುಟ ಸಾಕು ಎಂದು ಮಿತಿ ಹಾಕಿ. ಮೊದಲ ದಿನ ಹಳೆಯ ಟಿಕೆಟ್ ಎಷ್ಟೇ ಇರಲಿ, ಹತ್ತು ನಿಮಿಷಕ್ಕೆ ಎರಡು ಸಾವಿರದಂತೆ ತಾನೇ ತುಂಬಿಕೊಳ್ಳುತ್ತದೆ. ಜಾಸ್ತಿ ಕೇಳಿದರೆ ಹೆಲ್ಪ್‌ಡೆಸ್ಕ್ 429 ಎಂಬ ಉತ್ತರ ಕೊಡುತ್ತದೆ, ಅಂದರೆ ಸ್ವಲ್ಪ ತಡಿ ಅಂತ. ಡಬ್ಬಿಯ ಸೆಟ್ಟಿಂಗ್ಸ್‌ನಲ್ಲಿ ರೀಟ್ರೈ ಆನ್ ಫೇಲ್ ಹಾಕಿಡಿ.

ನಾಲ್ಕನೆಯದು ಎಡಿಟ್ ಫೀಲ್ಡ್ಸ್. ಬಂದ ಮಾಹಿತಿಯಿಂದ ನಮಗೆ ಬೇಕಾದಷ್ಟನ್ನೇ ಆರಿಸುವುದು. ಬಗೆಹರಿದ ಸಮಯ ಸ್ಟ್ಯಾಟ್ಸ್ ಒಳಗಿರುತ್ತದೆ, ಇಮೇಲ್ ರಿಕ್ವೆಸ್ಟರ್ ಒಳಗಿರುತ್ತದೆ. ಹೊರಗೆ ಎಳೆದು ತನ್ನಿ. ಇಮೇಲ್ ಅನ್ನು ಇಲ್ಲೇ ಸಣ್ಣಕ್ಷರಕ್ಕೆ ಬದಲಾಯಿಸಿ.

ಐದನೆಯದು ಮತ್ತೆ ಪೋಸ್ಟ್‌ಗ್ರೆಸ್, ಆದರೆ ಇನ್ಸರ್ಟ್ ಅಲ್ಲ, ಇನ್ಸರ್ಟ್ ಆರ್ ಅಪ್‌ಡೇಟ್. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಹೆಸರು ಮೊದಲೇ ಇದ್ದರೆ ಆ ಸಾಲನ್ನೇ ತಿದ್ದುತ್ತಾರೆ, ಇಲ್ಲದಿದ್ದರೆ ಹೊಸ ಸಾಲು. ಒಬ್ಬರಿಗೆ ಎರಡು ಖಾತೆ ತೆರೆಯುವುದಿಲ್ಲ. ಹೊಂದಿಸುವ ಕಾಲಂ ಟಿಕೆಟ್ ಐಡಿ. ಪೋಸ್ಟ್‌ಗ್ರೆಸ್‌ನಲ್ಲಿ ಈ ಸೌಲಭ್ಯ 9.5 ಆವೃತ್ತಿಯಿಂದ ಇದೆ. ಕಾಲಂಗಳನ್ನು ತಾನಾಗಿ ಹೊಂದಿಸು ಎನ್ನದೆ ಒಂದೊಂದಾಗಿ ಕೈಯಿಂದ ಹೊಂದಿಸಿ, 'ನೋಟ್ ಹಾಕಿದೆಯೇ' ಕಾಲಂ ಅನ್ನು ಪಟ್ಟಿಯಿಂದ ತೆಗೆದುಬಿಡಿ. ಕ್ವೆರಿ ಬ್ಯಾಚಿಂಗ್‌ನಲ್ಲಿ ಟ್ರಾನ್ಸಾಕ್ಷನ್ ಆರಿಸಿ; ಆಗ ಬಂದರೆ ಎಲ್ಲ ಸಾಲುಗಳೂ ಬರುತ್ತವೆ, ಇಲ್ಲದಿದ್ದರೆ ಒಂದೂ ಇಲ್ಲ.

ಈಗ ಪರೀಕ್ಷೆ. ಕೈಯಿಂದ ಒಮ್ಮೆ ಓಡಿಸಿ, ಟೇಬಲ್‌ನಲ್ಲಿ ಎಷ್ಟು ಸಾಲು ಎಂದು ಎಣಿಸಿ. ತಕ್ಷಣ ಮತ್ತೊಮ್ಮೆ ಓಡಿಸಿ. ಹೊಸ ಟಿಕೆಟ್ ಬಾರದಿದ್ದರೆ ಸಾಲುಗಳ ಎಣಿಕೆ ಅಷ್ಟೇ ಇರಬೇಕು. ಏರಿದ್ದರೆ ಹೊಂದಿಸುವ ಕಾಲಂ ತಪ್ಪಿದೆ. ಸರಿಯಿದ್ದರೆ ವರ್ಕ್‌ಫ್ಲೋ ಆಕ್ಟಿವ್ ಮಾಡಿ. ಹೊಸ ಆವೃತ್ತಿಗಳಲ್ಲಿ ಆ ಬಟನ್‌ಗೆ ಪಬ್ಲಿಷ್ ಎಂಬ ಹೆಸರಿದೆ.

ಹೆಜ್ಜೆ 5: ಐದೂವರೆ ತಾಸಿನ ಗೊಂದಲ

ಫ್ರೆಶ್‌ಡೆಸ್ಕ್ ಎಲ್ಲ ಸಮಯವನ್ನೂ ಯುಟಿಸಿಯಲ್ಲಿ ಕೊಡುತ್ತದೆ. ನಮ್ಮ ಸಮಯ ಅದಕ್ಕಿಂತ 5 ತಾಸು 30 ನಿಮಿಷ ಮುಂದೆ. ಹಗಲು ಮಾತ್ರ ನಡೆಯುವ ಆಫೀಸಿಗೆ ಇದರ ಬಿಸಿ ತಟ್ಟುವುದಿಲ್ಲ. ನಮ್ಮದು ಮೂರು ಶಿಫ್ಟ್.

ಮಾರ್ಚ್ 31ರ ನಡುರಾತ್ರಿ ದಾಟಿ, ಏಪ್ರಿಲ್ 1ರ 12:40ಕ್ಕೆ ನೈಟ್ ಶಿಫ್ಟ್‌ನವರು ಒಂದು ಟಿಕೆಟ್ ಹಾಕಿದರು: "ಪ್ರಿಂಟರ್ ಚಾಲತ್ ನಾಹೀ, ಲೇಬಲ್ ನಿಘತ್ ನಾಹೀ" (ಪ್ರಿಂಟರ್ ನಡೆಯುತ್ತಿಲ್ಲ, ಲೇಬಲ್ ಬರುತ್ತಿಲ್ಲ). ಡೇಟಾಬೇಸ್‌ನಲ್ಲಿ ಅದರ ಸಮಯ ಮಾರ್ಚ್ 31, 19:10. ರಿಪೋರ್ಟ್‌ನಲ್ಲಿ ಹಾಗೆಯೇ ಎಣಿಸಿದರೆ ಆ ಟಿಕೆಟ್ ಹೋದ ಹಣಕಾಸು ವರ್ಷದ ಲೆಕ್ಕಕ್ಕೆ ಹೋಗುತ್ತದೆ. ರಾತ್ರಿ 12ರಿಂದ ಬೆಳಿಗ್ಗೆ 5:30ರವರೆಗಿನ ಪ್ರತಿ ಟಿಕೆಟ್‌ದೂ ಇದೇ ಕತೆ.

ಪರಿಹಾರ ಸುಲಭ. ಸಮಯದ ಕಾಲಂಗಳನ್ನು ಟೈಮ್‌ಝೋನ್ ಇರುವ ಟೈಮ್‌ಸ್ಟ್ಯಾಂಪ್ ಮಾಡಿ. ಒಳಗೆ ಬರೆಯುವಾಗ ಏನನ್ನೂ ಕೂಡಿಸಬೇಡಿ. ಓದುವಾಗ ಮಾತ್ರ ಏಷ್ಯಾ/ಕೋಲ್ಕತ್ತಾ ಸಮಯಕ್ಕೆ ಬದಲಾಯಿಸುವ ಒಂದು ವ್ಯೂ (ಟೇಬಲ್‌ನಂತೆಯೇ ಓದಬಹುದಾದ, ಸೇವ್ ಮಾಡಿಟ್ಟ ಕ್ವೆರಿ) ಮಾಡಿಡಿ, ರಿಪೋರ್ಟ್‌ಗಳೆಲ್ಲ ಆ ವ್ಯೂನಿಂದಲೇ ಓದಲಿ. ಬರೆಯುವಾಗ ಐದೂವರೆ ತಾಸು ಕೂಡಿಸಿ, ಓದುವಾಗ ಇನ್ನೊಬ್ಬರು ಮತ್ತೆ ಕೂಡಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹನ್ನೊಂದು ತಾಸಿನ ವ್ಯತ್ಯಾಸ!

ರಿಪೋರ್ಟ್ ನೋಡಲು ಮೆಟಾಬೇಸ್ ಎಂಬ ಟೂಲ್ ಹಾಕಿಕೊಳ್ಳಬಹುದು, ಎಕ್ಸೆಲ್‌ನ ಪವರ್ ಕ್ವೆರಿಯೂ ಸಾಕು. ಎರಡಕ್ಕೂ ಓದುವ ಅನುಮತಿ ಮಾತ್ರ ಇರುವ ಬೇರೆ ಯೂಸರ್ ಕೊಡಿ. ಯಾರ ಕೈಯಲ್ಲಿ ಯಾವ ಮಷಿನ್ ಇದೆ ಎಂಬ ಪಟ್ಟಿಯ, ಅಂದರೆ ಅಸೆಟ್ ಟೇಬಲ್‌ನ ಜೊತೆ ಇಮೇಲ್ ಹೊಂದಿಸಿ ಜೋಡಿಸಿದರೆ ಪ್ಲಾಂಟ್ ಹೆಡ್‌ರ ಆ ಹಳೆಯ ಪ್ರಶ್ನೆಗೆ ಉತ್ತರ ಬರುತ್ತದೆ. ಅಸೆಟ್ ಪಟ್ಟಿಯಲ್ಲಿ ಇಮೇಲ್ ಹಿಂದೆ ಸ್ಪೇಸ್ ಉಳಿದಿದ್ದರೆ ಜೋಡಿಯಾಗುವುದಿಲ್ಲ, ಮೊದಲು ಅದನ್ನು ಟ್ರಿಮ್ ಮಾಡಿ.

ಹೆಜ್ಜೆ 6: ಡೇಟಾಬೇಸ್‌ನಿಂದ ಟಿಕೆಟ್‌ಗೆ, ಹಿಂದಿನ ದಾರಿ

ಇದು ಬೇಕೇಬೇಕು ಅಂತಿಲ್ಲ, ಆದರೆ ನಮ್ಮ ಟೀಮ್‌ಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ. ಟಿಕೆಟ್ ಬಂದ ಕೂಡಲೇ ಅದನ್ನು ಹಾಕಿದವರ ಮಷಿನ್ ಮಾಡೆಲ್, ಸೀರಿಯಲ್ ನಂಬರ್, ವಾರಂಟಿ ಮುಗಿಯುವ ದಿನ ಒಂದು ಪ್ರೈವೇಟ್ ನೋಟ್ (ಏಜೆಂಟ್‌ಗಳಿಗೆ ಮಾತ್ರ ಕಾಣುವ ಟಿಪ್ಪಣಿ) ಆಗಿ ಟಿಕೆಟ್‌ನೊಳಗೆ ಬೀಳುತ್ತದೆ. "ನಿಮ್ಮ ಲ್ಯಾಪ್‌ಟಾಪ್ ತಿರುಗಿಸಿ ಕೆಳಗಿನ ನಂಬರ್ ಓದಿ" ಎಂದು ಫೋನ್ ಮಾಡುವುದು ನಿಂತಿತು.

ಇದಕ್ಕೆ ಬೇರೆಯೇ ವರ್ಕ್‌ಫ್ಲೋ ಮಾಡಿ. ಷೆಡ್ಯೂಲ್ ಟ್ರಿಗರ್, ನಂತರ ಪೋಸ್ಟ್‌ಗ್ರೆಸ್‌ನಲ್ಲಿ ಓಪನ್ ಇರುವ, ನೋಟ್ ಹಾಕದ ಟಿಕೆಟ್‌ಗಳನ್ನು ಅಸೆಟ್ ಟೇಬಲ್ ಜೊತೆ ಜೋಡಿಸಿ ಒಂದು ಸಲಕ್ಕೆ 20 ತೆಗೆಯುವುದು, ನಂತರ ಎಚ್‌ಟಿಟಿಪಿ ರಿಕ್ವೆಸ್ಟ್‌ನಲ್ಲಿ ಪೋಸ್ಟ್ ವಿಧಾನದಿಂದ ಆ ಟಿಕೆಟ್‌ನ ನೋಟ್ಸ್ ವಿಳಾಸಕ್ಕೆ ಕಳಿಸುವುದು, ಕೊನೆಗೆ 'ನೋಟ್ ಹಾಕಿದೆಯೇ' ಕಾಲಂ ಅನ್ನು ಹೌದು ಮಾಡುವುದು. ಪ್ರೈವೇಟ್ ಎಂಬುದನ್ನು ಟ್ರೂ ಎಂದು ನೀವೇ ಬರೆದು ಕಳಿಸಿ, ಅದೃಷ್ಟಕ್ಕೆ ಬಿಡಬೇಡಿ.

ನಾನು ಮೊದಲ ಸಲ ಆ ಕಾಲಂ ಇಟ್ಟಿರಲಿಲ್ಲ. 'ಬದಲಾದ ಪ್ರತಿ ಟಿಕೆಟ್‌ಗೂ ನೋಟ್ ಹಾಕು' ಎಂದಿದ್ದೆ. ನೋಟ್ ಹಾಕಿದರೆ ಟಿಕೆಟ್ ಬದಲಾಗುತ್ತದೆ. ಬದಲಾದರೆ ಹತ್ತು ನಿಮಿಷದಲ್ಲಿ ನಾವು ಮತ್ತೆ ತರುತ್ತೇವೆ. ತಂದರೆ ಮತ್ತೆ ನೋಟ್. ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ರಾತ್ರಿ ಹತ್ತಕ್ಕೆ ಆನ್ ಮಾಡಿ ಮನೆಗೆ ಹೋದವನು ಬೆಳಿಗ್ಗೆ ಎಂಟಕ್ಕೆ ಬಂದು ನೋಡಿದರೆ ಒಂದೊಂದು ಟಿಕೆಟ್‌ಗೂ 60 ನೋಟು, ಎಲ್ಲದರಲ್ಲೂ ಅದೇ ಸೀರಿಯಲ್ ನಂಬರ್. ಮೊದಲು ಒಂದೇ ಒಂದು ಪರೀಕ್ಷೆಯ ಟಿಕೆಟ್ ಮೇಲೆ ಓಡಿಸಿ, ಅರ್ಧ ತಾಸು ಎದುರೇ ಕೂತು ನೋಡಿ.

ಹೆಜ್ಜೆ 7: ಕಾವಲು

ಎನ್‌8ಎನ್‌ನಲ್ಲಿ ಎರರ್ ಟ್ರಿಗರ್ ಇಂದ ಶುರುವಾಗುವ ಇನ್ನೊಂದು ವರ್ಕ್‌ಫ್ಲೋ ಮಾಡಿ, ಅದು ನಿಮಗೆ ಇಮೇಲ್ ಕಳಿಸಲಿ. ಮುಖ್ಯ ವರ್ಕ್‌ಫ್ಲೋದ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಎರರ್ ವರ್ಕ್‌ಫ್ಲೋ ಎಂದು ಆರಿಸಿ. ಕೈಯಿಂದ ಓಡಿಸಿದಾಗ ಇದು ಬಡಿದುಕೊಳ್ಳುವುದಿಲ್ಲ, ತಾನಾಗಿ ಓಡಿದಾಗ ಮಾತ್ರ. ಪರೀಕ್ಷೆ ಮಾಡುವಾಗ ಮೇಲ್ ಬರಲಿಲ್ಲ ಎಂದು ತಲೆ ಕೆಡಿಸಿಕೊಳ್ಳಬೇಡಿ.

ಮಷಿನ್ನೇ ಸತ್ತರೆ ಈ ಕಾವಲುಗಾರನೂ ಅದರ ಜೊತೆಯೇ ಸತ್ತಿರುತ್ತಾನೆ. ಅದಕ್ಕೆ ರಿಪೋರ್ಟ್‌ನ ತಲೆಯ ಮೇಲೆ ದೊಡ್ಡದಾಗಿ 'ಕೊನೆಗೆ ಟಿಕೆಟ್ ಬಂದದ್ದು ಇಷ್ಟು ಗಂಟೆಗೆ' ಎಂದು ತೋರಿಸಿ. ಅದು ನಿನ್ನೆಯದಾಗಿದ್ದರೆ ಕೆಳಗಿನ ಯಾವ ಅಂಕಿಯನ್ನೂ ನಂಬಬೇಡಿ ಎಂದು ಎಲ್ಲರಿಗೂ ಹೇಳಿಟ್ಟಿದ್ದೇವೆ.

ಎನ್‌8ಎನ್ ಪ್ರತಿ ಓಟದ ಮಾಹಿತಿಯನ್ನೂ ತನ್ನೊಳಗೆ ಇಟ್ಟುಕೊಳ್ಳುತ್ತದೆ, ಟಿಕೆಟ್‌ನ ವಿಷಯ, ಇಮೇಲ್ ಸಮೇತ. ಬದಲಾಯಿಸದಿದ್ದರೆ 336 ತಾಸು, ಅಂದರೆ 14 ದಿನ. ಅದರ ಲಾಗಿನ್ ಅನ್ನು ಎಲ್ಲರಿಗೂ ಹಂಚಬೇಡಿ.

ಅಳಿಸಿದ ಟಿಕೆಟ್‌ಗಳ ವಿಷಯ ಉಳಿಯಿತು. ಯಾರಾದರೂ ಫ್ರೆಶ್‌ಡೆಸ್ಕ್‌ನಲ್ಲಿ ಟಿಕೆಟ್ ಡಿಲೀಟ್ ಮಾಡಿದರೆ ಅಥವಾ ಸ್ಪ್ಯಾಮ್ ಎಂದು ಗುರುತಿಸಿದರೆ ಅದು ಮಾಮೂಲಿ ಪಟ್ಟಿಯಲ್ಲಿ ಬರುವುದೇ ಇಲ್ಲ. ನಮ್ಮ ಟೇಬಲ್‌ನಲ್ಲಿ ಮಾತ್ರ ಓಪನ್ ಎಂದೇ ಕೂತಿರುತ್ತದೆ. ಡಿಲೀಟೆಡ್ ಎಂಬ ಫಿಲ್ಟರ್ ಹಾಕಿ ಕೇಳಿದರೆ ಆ ಪಟ್ಟಿ ಬೇರೆಯಾಗಿ ಸಿಗುತ್ತದೆ, ಸ್ಪ್ಯಾಮ್‌ಗೂ ಹಾಗೆಯೇ. ದಿನಕ್ಕೊಮ್ಮೆ, ಬೆಳಗಿನ ಜಾವ ಓಡುವ ಪುಟ್ಟ ವರ್ಕ್‌ಫ್ಲೋ ಒಂದು ಸಾಕು. ಅದು ಸಾಲನ್ನು ಅಳಿಸದೆ ಗುರುತು ಮಾತ್ರ ಹಾಕಲಿ.

ಮಷಿನ್ ಅನ್ನು ಈಗ ಯುಪಿಎಸ್ ಇರುವ ಸರ್ವರ್ ರ‍್ಯಾಕ್‌ಗೆ ಸಾಗಿಸಿದ್ದೇವೆ. ಅಲ್ಲಿಗೆ ಹೋಗುವ ಮೊದಲು ಅದು ಟೇಬಲ್ ಕೆಳಗಿದ್ದ ದಿನಗಳಲ್ಲಿ, ಸಂಜೆ ಕಸ ಗುಡಿಸುವ ಮಾವಶಿ ಪಾಪ ಕರೆಂಟು ಉಳಿಸಲೆಂದು ಸ್ವಿಚ್ ಆಫ್ ಮಾಡಿ ಹೋಗುತ್ತಿದ್ದರು. ಒಂದು ಎ4 ಹಾಳೆಯ ಮೇಲೆ ಮರಾಠಿಯಲ್ಲಿ 'ಬಂದ್ ಕರೂ ನಯೇ' (ಆಫ್ ಮಾಡಬಾರದು) ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ಆ ಹಾಳೆ ರ‍್ಯಾಕ್‌ಗೂ ಜೊತೆಗೇ ಹೋಗಿದೆ.